ಆ ಒಂದು ಕೀರ್ತನೆ ಬಿಟ್ಟು

ನಮ್ಮ ಸಭೆಯಲ್ಲಿ ಒಂದು ಕೀರ್ತನೆ ಇತ್ತು. ಅದನ್ನು ಯಾರೂ ಸುಮ್ಮಸುಮ್ಮನೆ ಹಾಡುತ್ತಿರಲಿಲ್ಲ. ಪಾತ್ರೆ ತೊಳೆಯುವಾಗ, ಮಗುವನ್ನು ತೂಗುವಾಗ, ಅಷ್ಟೇಕೆ, ಭಾನುವಾರದ ಆರಾಧನೆಯಲ್ಲೂ ಅದು ಬಾಯಿಗೆ ಬರಬಾರದು. ಯಾರಾದರೂ ಇನ್ನು ಉಳಿಯುವುದಿಲ್ಲ ಎಂದಾಗ ಮಾತ್ರ ಅವರ ಹಾಸಿಗೆಯ ಸುತ್ತ ನಿಂತು ಅದನ್ನು ಹಾಡಿ ಕಳಿಸಿಕೊಡುವುದು ರೂಢಿ. ಹೀಗೆಂದು ಯಾವ ಪಾದ್ರಿ ಅಯ್ಯನವರೂ ಪ್ರಸಂಗ ಮಾಡಿದವರಲ್ಲ, ದೇವರ ವಾಕ್ಯದಲ್ಲಂತೂ ಇಲ್ಲವೇ ಇಲ್ಲ. ಆದರೂ ನಮ್ಮ ಹೆಂಗಸರಿಗೆಲ್ಲ ಅದು ಗೊತ್ತಿತ್ತು. ಯಾವುದಾದರೂ ಮನೆಯಿಂದ ಆ ರಾಗ ಕೇಳಿಬಂತೆಂದರೆ ಅಕ್ಕಪಕ್ಕದ ಕ್ರೈಸ್ತರ ಮನೆಗಳಲ್ಲಿ ಸ್ಟವ್ ಆರಿಸಿ, ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದರು. ಅದರ ಒಂದು ಸಾಲನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರು ಪುಣ್ಯವಂತರು.

ನನ್ನ ಗಂಡನಿಗೆ ಇಷ್ಟವಾಗಿದ್ದ ಕೀರ್ತನೆ ಅದೊಂದೇ.

ಅವರು ಹುಟ್ಟಿನಿಂದ ನಮ್ಮವರಲ್ಲ. ಬೇಗೂರಿನ ಒಕ್ಕಲು ಮನೆತನದವರು. ಮಣ್ಣಿನ ಕೆಲಸ ಬೇಸರವಾಗಿ, ಆಗಷ್ಟೇ ಶೆಡ್ಡುಗಳು ಏಳುತ್ತಿದ್ದ ಪೀಣ್ಯಕ್ಕೆ ಬಂದು ಎರಕದ ಕಾರ್ಖಾನೆಯೊಂದರಲ್ಲಿ ಸೇರಿಕೊಂಡಿದ್ದರು. ಎರಕದಿಂದ ಹೊರಬಂದ ಕಬ್ಬಿಣಕ್ಕೆ ಸುಟ್ಟ ಮರಳು ಅಂಟಿಕೊಂಡಿರುತ್ತದೆ. ಅದನ್ನು ತಿರುಗುವ ಕಲ್ಲಿಗೆ ಹಿಡಿದು ಉಜ್ಜಿ ತೆಗೆಯುವುದು ಅವರ ಕೆಲಸ. ಜೊತೆಗೆ ದುಡಿಯುತ್ತಿದ್ದ ನಮ್ಮ ಸಭೆಯವರೊಬ್ಬರು ಕೊನೆಯ ಗಳಿಗೆಯಲ್ಲಿದ್ದಾಗ ನೋಡಲು ಬಂದವರು, ಬಾಗಿಲಲ್ಲೇ ನಿಂತು ಆ ಕೀರ್ತನೆಯನ್ನು ಮೊದಲ ಸಲ ಕೇಳಿದರು. ಹಾಡುವವರ ಗುಂಪಿನಲ್ಲಿ ನಾನೂ ಇದ್ದೆ. ಹೋಗುವವರನ್ನು ಬಿಟ್ಟು ನಿನ್ನನ್ನೇ ನೋಡ್ತಾ ನಿಂತಿದ್ದೆ ಅಂತ ಆಮೇಲೆ ಹೇಳಿಕೊಂಡು ನಗುತ್ತಿದ್ದರು. ನಾಚಿಕೆಯಿಲ್ಲದ ಮನುಷ್ಯ.

ದೀಕ್ಷಾಸ್ನಾನ ತೆಗೆದುಕೊಂಡರು, ನನ್ನನ್ನು ಮದುವೆಯಾದರು. ಮದುವೆಗೆ ಬೇಗೂರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಅದಕ್ಕೆ ಅವರು ಕೊರಗಿದ್ದನ್ನು ನಾನು ಕಂಡಿಲ್ಲ, ಕೊರಗಿದ್ದರೆ ಕಲ್ಲಿನ ಮುಂದೆ ನಿಂತಾಗ ಕೊರಗಿರಬೇಕು. ಕಲ್ಲು ತಿರುಗುವ ಸದ್ದಿನಲ್ಲಿ ಎಷ್ಟು ಗಟ್ಟಿಯಾಗಿ ಹಾಡಿದರೂ ಯಾರಿಗೂ ಕೇಳಿಸುವುದಿಲ್ಲವಂತೆ. ಅದಕ್ಕೇ ಅಲ್ಲಿ ಹಾಡುತ್ತಿದ್ದರು. ಆ ಕೀರ್ತನೆಯ ನಿಧಾನದ ನಡೆ ಕಬ್ಬಿಣವನ್ನು ಕಲ್ಲಿಗೆ ಒತ್ತುವ, ಮತ್ತೆ ಎಳೆಯುವ ಕೈಗೆ ಸರಿಯಾಗಿ ಕೂರುತ್ತದೆ ಎನ್ನುವುದು ಅವರ ವಾದ. ಬೇರೆ ಕೀರ್ತನೆಗಳೆಲ್ಲ ಓಡುತ್ತವಂತೆ. ಅಲ್ಲಿ ಹಾಡಿಕೊಳ್ಳಲಿ, ನಾನು ಬೇಡವೆಂದೆನಾ? ಮನೆಗೆ ಬಂದ ಮೇಲೂ ಅದೇ. ಸ್ನಾನ ಮಾಡುವಾಗ, ಸೈಕಲ್ ಒರೆಸುವಾಗ, ಸಾರಿಗೆ ಉಪ್ಪು ಸರಿಯಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುವಾಗಲೂ ಅದೇ ರಾಗ. ಒಮ್ಮೆ ನಮ್ಮಮ್ಮ ಬಂದಿದ್ದಾಗ ಬಚ್ಚಲಿನಿಂದ ಆ ದನಿ ಕೇಳಿ, ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಅಳಿಯಂದ್ರಿಗೆ ಸ್ವಲ್ಪ ಬುದ್ಧಿ ಹೇಳೇ, ಬಾಳೋ ಮನೇಲಿ ಇದೇನು ಅನಿಷ್ಟ" ಎಂದರು. ಹೇಳಿದೆ. "ನಿಮ್ಮೋರಿಗೆ ಒಳ್ಳೇ ಹಾಡು ಅಂದ್ರೆ ಭಯ ಕಣೆ" ಎಂದು ತಲೆ ಒರೆಸಿಕೊಳ್ಳುತ್ತ ಮುಂದಿನ ಚರಣಕ್ಕೆ ಹೋದರು.

ಆಗ ನನಗೆ ಸಿಟ್ಟು ಬರುತ್ತಿತ್ತು, ಹೆದರಿಕೆ ಬರುತ್ತಿರಲಿಲ್ಲ.

ಕೆಮ್ಮು ಶುರುವಾದದ್ದು ಯಾವಾಗ ಎಂದು ಹೇಳಲಾರೆ. ಆ ಕೆಲಸದಲ್ಲಿ ಕೆಮ್ಮದವರು ಯಾರು? ಮೂಗಿಗೊಂದು ಬಟ್ಟೆ ಕಟ್ಟಿಕೊಂಡರೆ ಮುಗಿಯಿತು, ಅದೇ ಅವರ ರಕ್ಷಣೆ. ಎಂಬತ್ತನೇ ಇಸವಿಯ ಆಸುಪಾಸಿನ ಒಂದು ಚಳಿಗಾಲದಲ್ಲಿ ವಠಾರದ ನಲ್ಲಿಯಿಂದ ಒಂದು ಬಕೆಟ್ ನೀರು ತರಲು ಅವರಿಂದ ಆಗಲಿಲ್ಲ. ಅರ್ಧ ದಾರಿಯಲ್ಲಿ ಇಟ್ಟು, ಅದರ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಕ್ಷಯವೆಂದು ಮಾತ್ರೆ ನುಂಗಿಸಿದರು, ಅದಲ್ಲವೆಂದರು. ಕೊನೆಗೆ ಒಬ್ಬ ಡಾಕ್ಟರು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು, "ಎದೆ ತುಂಬ ಧೂಳಿದೆಯಮ್ಮ, ಇದನ್ನ ತೆಗೆಯೋಕೆ ನಮ್ಮ ಹತ್ರ ಏನೂ ಇಲ್ಲ" ಎಂದರು. ಕಬ್ಬಿಣಕ್ಕೆ ಅಂಟಿದ ಮರಳನ್ನು ಜೀವಮಾನವೆಲ್ಲ ಉಜ್ಜಿ ತೆಗೆದವರ ಒಳಗೆ ಅಂಟಿದ್ದನ್ನು ತೆಗೆಯುವವರು ಯಾರೂ ಇರಲಿಲ್ಲ.

ನಾನು ಬಿಡುವ ಜಾತಿಯಲ್ಲ. ಉಪವಾಸ ಹಿಡಿದೆ. ಅಯ್ಯನವರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿದೆ. ಸ್ತ್ರೀಯರ ಕೂಟದವರು ಬಂದು ಮೊಣಕಾಲೂರಿದರು. ಎಲ್ಲರ ಪ್ರಾರ್ಥನೆಯೂ ಕಡೆಗೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು, ಕರ್ತನೇ, ನಿನ್ನ ಚಿತ್ತದಂತೆ ಆಗಲಿ ಎಂದು. ನನಗೆ ಮೈ ಉರಿದುಹೋಗುತ್ತಿತ್ತು. ಚಿತ್ತ ಏನೆಂದು ಅವನಿಗೆ ಗೊತ್ತೇ ಇರುತ್ತದಲ್ಲ, ನಾವು ಜ್ಞಾಪಿಸಬೇಕೆ? ಆ ಮಾತು ಬಂದಾಗ ನಾನು ಬಾಯಿ ಬಿಗಿ ಹಿಡಿದು ಕೂರುತ್ತಿದ್ದೆ. ಸತ್ತವರನ್ನೇ ಎಬ್ಬಿಸಿದವನಿಗೆ ಇದೊಂದು ಎದೆ ಹೆಚ್ಚೇ ಎಂದು ಒಳಗೊಳಗೇ ಜಗಳ ಕಾಯುತ್ತಿದ್ದೆ. ಪ್ರೀತಿಯ ಬಗ್ಗೆ ಅಯ್ಯನವರು ಹೇಳುತ್ತಿದ್ದುದೆಲ್ಲ ಮೆತ್ತನೆಯ ಮಾತು. ನನ್ನ ಪ್ರೀತಿಗೆ ಉಗುರಿತ್ತು.

ಬೇಸಿಗೆಯ ಹೊತ್ತಿಗೆ ಅವರು ಗೋಡೆಗೆ ದಿಂಬು ಒರಗಿಸಿ ಕೂತೇ ಇರಬೇಕಾಯಿತು. ಮಲಗಿದರೆ ಉಸಿರು ಹತ್ತುತ್ತಿರಲಿಲ್ಲ. ಹಾಡುವುದಂತೂ ನಿಂತೇಹೋಯಿತು, ಎರಡು ಪದಕ್ಕೆ ದಮ್ಮು ಮುಗಿಯುತ್ತಿತ್ತು. ಆಗ ಶುರುವಾಯಿತು ಅವರ ಕಾಟ.

"ನೀನಾದ್ರೂ ಹಾಡೇ."

"ಯಾವುದು?"

"ನಿಂಗೊತ್ತು ಯಾವುದು ಅಂತ."

"ಅದು ನಂಗೆ ಮರೆತುಹೋಗಿದೆ."

"ಸುಳ್ಳು ಹೇಳಕ್ಕೂ ಬರಲ್ವಲ್ಲೇ ನಿಂಗೆ" ಎಂದು ಕಣ್ಣಲ್ಲೇ ನಗುತ್ತಿದ್ದರು. ನಗಲು ಬೇಕಾದ ಉಸಿರನ್ನೂ ಅವರು ಉಳಿಸುತ್ತಿದ್ದರು.

ಮಿಕ್ಕಿದ್ದನ್ನೆಲ್ಲ ಹಾಡಿದೆ. ಬೆಳಗಿನ ಕೀರ್ತನೆ, ಸಂಜೆಯ ಕೀರ್ತನೆ, ಮದುವೆಯದು, ಸುಗ್ಗಿಯ ಆರಾಧನೆಯದು. ಅವೆಲ್ಲ ಮುಗಿದಾಗ ಕ್ರಿಸ್ಮಸ್ಸಿನವನ್ನು ಎತ್ತಿಕೊಂಡೆ. ಶೀಟಿನ ಮಾಡಿನ ಕೆಳಗೆ ಬೆವರು ಸುರಿಸುತ್ತ, ದನದ ಕೊಟ್ಟಿಗೆ, ಕುರುಬರು, ನಕ್ಷತ್ರ ಎಂದು ಹಾಡಿದ್ದೇ ಹಾಡಿದ್ದು. ಪಕ್ಕದ ಮನೆಯಾಕೆ, ಅವರ ಯಜಮಾನರು ಸರ್ಕಾರಿ ಕಾರ್ಖಾನೆಯಲ್ಲಿದ್ದರು, ಕಿಟಕಿಯಲ್ಲಿ ಇಣುಕಿ, "ಏನ್ರೀ, ಬೇಸಿಗೇಲಿ ನಿಮ್ಮ ಹಬ್ಬ ಬರುತ್ತಾ?" ಎಂದು ಕೇಳಿದರು. ಬರುತ್ತೆ ಕಣ್ರೀ ಎಂದೆ. ಏನು ಹೇಳಲಿ? ಈ ಹಾಡುಗಳು ಮನೆ ತುಂಬಿರುವವರೆಗೆ ಆ ಹಾಡಿಗೆ ಒಳಗೆ ಬರಲು ಜಾಗವಿರುವುದಿಲ್ಲ ಎಂದು ನಾನು ನಂಬಿದ್ದೆ. ಅದನ್ನು ಹಾಡದೆ ನಮ್ಮಲ್ಲಿ ಯಾರೂ ಹೋದದ್ದಿಲ್ಲ. ಹಾಗಾದರೆ ಹಾಡದಿದ್ದರೆ ಹೋಗುವುದಾದರೂ ಹೇಗೆ? ಬೇರೆಯವರು ಹೀಗೆ ಮಾತಾಡಿದ್ದರೆ ನಾನೇ ಮೂದಲಿಸುತ್ತಿದ್ದೆ. ನನ್ನ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ.

ನಮ್ಮ ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದ ಒಬ್ಬ ಅಜ್ಜಿ ಇದ್ದರು. ಪಿಯಾನೊ, ಹಾರ್ಮೋನಿಯಂ ಇಲ್ಲದ ಸಭೆಗೆ ಅವರ ಗಂಟಲೇ ಎಲ್ಲ. ಒಂದು ದಿನ ಕೂಟದ ಹೆಂಗಸರೊಂದಿಗೆ ಬಂದು, ಹಾಸಿಗೆಯ ಪಕ್ಕ ನಿಂತು, ಕನ್ನಡಕ ತೆಗೆದು ಸೆರಗಿಗೆ ಒರೆಸಿದರು. ಅವರು ಉಸಿರು ಎಳೆದುಕೊಂಡ ರೀತಿಯಲ್ಲೇ ಯಾವ ಕೀರ್ತನೆ ಬರುತ್ತದೆಂದು ನನಗೆ ಗೊತ್ತಾಯಿತು.

"ಅಜ್ಜಿ, ಅದು ಬೇಡ."

"ಸುಮ್ನಿರು ಮಗಳೇ. ನಿನ್ ಗಂಡನೇ ಹೇಳಿ ಕಳಿಸಿದಾನೆ."

"ಅವರು ಹೇಳಲಿ. ಈ ಮನೇಲಿ ಅದು ಆಗಲ್ಲ. ಎಲ್ಲರೂ ಆಚೆ ನಡೀರಿ."

ಯಾರೂ ಕದಲಲಿಲ್ಲ. ನಾನು ಅಜ್ಜಿಯ ರಟ್ಟೆ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ, ನನ್ನ ಜೊತೆ ಬಾಗಿಲವರೆಗೆ ನಡೆದು ಬಂದು ಚಪ್ಪಲಿ ಮೆಟ್ಟಿದರು. ಮಿಕ್ಕವರು ಹಿಂದೆ ಬಂದರು. ಮಾರನೇ ದಿನದಿಂದ ಅಜ್ಜಿಯೂ ಆ ಹೆಂಗಸರೂ ಒಳಗೆ ಬರುತ್ತಿರಲಿಲ್ಲ, ಮಧ್ಯಾಹ್ನ ನಲ್ಲಿಕಟ್ಟೆಯ ಹತ್ತಿರ ನೆರಳಲ್ಲಿ ಕೂತು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಕೂರಲಿ ಎಂದು ಬಿಟ್ಟೆ.

ಅಯ್ಯನವರು ಬಂದು ತಿಳಿಹೇಳಿದರು. "ಹಾಡಿಂದ ಸಾವು ಬರುತ್ತೆ ಅನ್ನೋದು ನಂಬಿಕೆ ಅಲ್ಲಮ್ಮ, ಅದು ಹೆದರಿಕೆ."

"ಹೌದು ಅಯ್ಯನೋರೇ, ಹೆದರಿಕೇನೇ. ನಿಮ್ಮ ನಂಬಿಕೆ ಇಟ್ರೆ ಇವರ ಉಸಿರು ಉದ್ದ ಆಗುತ್ತಾ ಹೇಳಿ, ಈಗ್ಲೇ ಇಡ್ತೀನಿ."

ಅಯ್ಯನವರು ನನ್ನ ಗಂಡನ ಪಾದ ಮುಟ್ಟಿ, ಹೊದಿಕೆ ಸರಿಮಾಡಿ ಹೊದಿಸಿ, ಎದ್ದು ಹೋದರು.

ಬೇಗೂರಿಗೆ ಸುದ್ದಿ ಯಾರು ಮುಟ್ಟಿಸಿದರೋ. ಒಂದು ಮಧ್ಯಾಹ್ನ ನನ್ನ ಅತ್ತೆ ಬಂದರು. ಅದುವರೆಗೆ ನಾನು ಅವರ ಮುಖ ನೋಡಿರಲಿಲ್ಲ. ಹಣೆಯ ಮೇಲೆ ಅಗಲವಾದ ಕುಂಕುಮ, ಮೊಣಕೈವರೆಗೆ ಹಚ್ಚೆ, ಬಸ್ಸು ಬದಲಿಸಿ ಬದಲಿಸಿ ದಣಿದ ಮೈ. ನನ್ನನ್ನು ಏನೂ ಕೇಳದೆ ಒಳಗೆ ಹೋಗಿ ಮಗನ ಪಕ್ಕ ಕೂತು, ಅವರ ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ಗಂಡ ಕಣ್ಣು ಬಿಟ್ಟು, "ಅವ್ವ" ಎಂದರು. ಆಮೇಲೆ ನನ್ನ ಕಡೆ ತಿರುಗಿ ತುಟಿ ಅಲ್ಲಾಡಿಸಿದರು. ದನಿ ಬರಲಿಲ್ಲ.

"ಏನವ್ವ ಅವ್ನು ಕೇಳ್ತಾ ಇರಾದು?" ಎಂದರು ಅತ್ತೆ.

"ಒಂದು ಹಾಡು ಅತ್ತೆ."

"ಆಡು ಮತ್ತೆ."

"ಅದು ಸಾಯೋರ ಹತ್ರ ಹಾಡೋ ಹಾಡು. ಹಾಡಿದ್ರೆ ಹೋಗ್ಬಿಡ್ತಾರೆ."

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. "ಓಗೋನ್ನ ಆಡು ತಡೀತದಾ? ಬಾಯಾರ್ಕೆ ಅಂತ ಕೇಳ್ತಾ ಅವ್ನೆ ಅನ್ಕೊ. ನೀರು ಕೊಡಕಿಲ್ವಾ ನೀನು?" ಎಂದರು. ನಾನು ನಿಂತೇ ಇದ್ದೆ. "ಎತ್ತೋಳು ನಾನು ಯೋಳ್ತಾ ಇವ್ನಿ. ಆಡವ್ವ."

ಇಷ್ಟು ದಿನ ಯಾರ ಮಾತಿಗೂ ಬಗ್ಗದವಳು ಆ ಮಾತಿಗೆ ಹಾಸಿಗೆಯ ಕಾಲ ಬಳಿ ಕೂತೆ. ಅವರನ್ನು ನನಗಿಂತ ಮೊದಲು ಪ್ರೀತಿಸಿದವರು ಅಲ್ಲಿ ಕೂತಿದ್ದರು. ನಾನೊಬ್ಬಳೇ ಅವರನ್ನು ಹಿಡಿದುಕೊಂಡಿದ್ದೇನೆ ಎಂದು ತಿಳಿದಿದ್ದೆ. ಬಾಯಿ ತೆರೆದೆ.

ಮೊದಲ ಸಾಲು ದನಿಯಾಗಿ ಬರಲೇ ಇಲ್ಲ, ಬರೀ ಗೊಗ್ಗರು ಸದ್ದು ಬಂತು. ಎರಡನೆಯ ಸಾಲಿಗೆ ರಾಗ ಸಿಕ್ಕಿತು. ನನ್ನ ಗಂಡ ಕಣ್ಣು ಮುಚ್ಚಿಕೊಂಡರು, ಬಲಗೈ ಮಾತ್ರ ಹೊದಿಕೆಯ ಮೇಲೆ ಮುಂದೆ ಸರಿದು ಹಿಂದೆ ಬರುತ್ತಿತ್ತು, ಕಬ್ಬಿಣವನ್ನು ಕಲ್ಲಿಗೆ ಒತ್ತುವ ಹಾಗೆ. ನಲ್ಲಿಕಟ್ಟೆಯಲ್ಲಿದ್ದ ಅಜ್ಜಿಗೆ ಕೇಳಿಸಿರಬೇಕು. ಎರಡನೆಯ ಚರಣಕ್ಕೆ ಅವರ ದನಿ ಸೇರಿತು, ಹಿಂದೆಯೇ ಮಿಕ್ಕ ಹೆಂಗಸರದು. ನಾನು ಬೇಡವೆಂದಿದ್ದೆನಲ್ಲ, ಯಾರೂ ಹೊಸ್ತಿಲು ದಾಟಲಿಲ್ಲ, ಅಂಗಳದಲ್ಲೇ ನಿಂತು ಹಾಡಿದರು.

ನಮ್ಮಲ್ಲಿ ಯಾವ ಕೀರ್ತನೆಯನ್ನಾದರೂ ಕೊನೆಗೆ ಆಮೆನ್ ಎಂದು ಎಳೆದು ಹಾಡಿ ಮುಗಿಸಬೇಕು. ಕಡೆಯ ಚರಣದ ಕಡೆಯ ಸಾಲು ಹತ್ತಿರ ಬಂದಾಗ ನನಗೆ ಇದ್ದಕ್ಕಿದ್ದಂತೆ ಹೊಳೆಯಿತು. ಆಮೆನ್ ಅಂದುಬಿಟ್ಟರೆ ಮುಗಿಯಿತಲ್ಲ. ನಾನು ನಿಲ್ಲಿಸಲಿಲ್ಲ. ಕಡೆಯ ಸಾಲಿನಿಂದ ನೇರವಾಗಿ ಮೊದಲ ಸಾಲಿಗೆ ಹಾರಿದೆ. ಅಂಗಳದ ದನಿಗಳು ಒಂದು ಗಳಿಗೆ ತಡವರಿಸಿ, ಮತ್ತೆ ನನ್ನ ಹಿಂದೆ ಬಂದವು. ಹಾಡು ನಡೆಯುವವರೆಗೆ ನನ್ನ ಗಂಡನೂ ಇರುತ್ತಾರೆ, ಹಾಡಿನ ನಡುವೆ ಎದ್ದು ಹೋಗುವ ಮನುಷ್ಯ ಅವರಲ್ಲ. ಇಷ್ಟು ದಿನ ಶುರುಮಾಡಲು ಹೆದರಿದವಳು ಈಗ ಮುಗಿಸಲು ಹೆದರಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಮುಗಿಯಿತೆಂದರೆ ಮತ್ತೆ ಶುರು, ಮುಗಿಯಿತೆಂದರೆ ಮತ್ತೆ ಶುರು. ಕಾರ್ಖಾನೆಯ ಸೈರನ್ ಕೂಗಿತು. ಎರಡನೆಯ ಪಾಳಿಯವರು ಸೈಕಲ್ ತಳ್ಳಿಕೊಂಡು ವಠಾರದ ಮುಂದೆ ಹೋದರು, ಕೆಲವರು ನಿಂತರು. ನನ್ನ ಗಂಟಲು ಒಡೆದು ಬರಿಯ ಗಾಳಿ ಬರುತ್ತಿತ್ತು. ಕರ್ತನ ಹತ್ತಿರ ಆಗ ನಾನು ಬೇಡಲೂ ಇಲ್ಲ, ಜಗಳವೂ ಆಡಲಿಲ್ಲ. ಸುಮ್ಮನೆ ಅವನನ್ನು ಕಾಯಿಸುತ್ತಿದ್ದೆ.

ತಲೆಯ ಮೇಲೆ ಒಂದು ಕೈ ಕೂತಿತು, ಅತ್ತೆಯದು.

"ಸಾಕು ಕಣವ್ವ. ಅವ್ನು ಓದ."

ಕಣ್ಣು ಬಿಟ್ಟೆ. ಮಗನ ಕೈ ಇನ್ನೂ ಅವರ ತೊಡೆಯ ಮೇಲೆಯೇ ಇತ್ತು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ತನ್ನ ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದರು. "ಯಾವಾಗ?" ಎಂದು ಕೇಳಿದೆ.

"ನೀನು ಎಲ್ಡನೇ ದಪ ಎತ್ಕೊಂಡಾಗ್ಲೇ" ಎಂದರು ಅತ್ತೆ. "ನೀನು ಆಡ್ತಾ ಇದ್ದಲ್ಲ. ನಿಲ್ಸಕ್ಕೆ ನಂಗೆ ಮನಸು ಬರ್ನಿಲ್ಲ."

ಅಂಗಳದಲ್ಲಿ ಅಜ್ಜಿ ಆಮೆನ್ ಎತ್ತಿಕೊಂಡರು, ಹೆಂಗಸರೆಲ್ಲ ಸೇರಿ ಹಾಡಿದರು. ನಾನು ಹಾಡಲಿಲ್ಲ.