ತಂಬಾಕಿಗೆ ಬಿದ್ದ ಚೆಂಡು

ಪಲ್ಟನ್ನಿನಿಂದ ಪೆನ್ಶನ್ ಮೇಲೆ ಅಕ್ಕೋಳಕ್ಕೆ ಬಂದ ಮೊದಲ ವರ್ಷ ನನ್ನ ಕೈಗಳು ನನ್ನ ಮಾತು ಕೇಳುತ್ತಿರಲಿಲ್ಲ. ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ಬಸ್ಸಿಗೆ ಕಾಯುತ್ತ ನಿಂತರೆ ಕೈಯಲ್ಲಿದ್ದ ಕೊಡೆ ತಾನಾಗಿ ತಲೆಕೆಳಗಾಗುತ್ತಿತ್ತು. ಎರಡೂ ಕೈಯಲ್ಲಿ ಅದರ ತುದಿ ಹಿಡಿದು, ಕಾಲು ಅಗಲಿಸಿ, ಸೊಂಟ ತಿರುಗಿಸಿ, ಇಲ್ಲದ ಚೆಂಡನ್ನು ಹೊಡೆಯುತ್ತಿದ್ದೆ. ನಾಯಿ ಓಡಿಸುತ್ತಿದ್ದಾನೆಂದು ತಿಳಿದು ಜನ ದೂರ ಸರಿಯುತ್ತಿದ್ದರು. ಒಮ್ಮೆ ಒಬ್ಬ ಮುದುಕಿ "ಎಲ್ಲೈತ್ರೀ ನಾಯಿ?" ಎನ್ನುತ್ತ ಗಡಬಡಿಸಿ ಬೆಂಚು ಹತ್ತಿಬಿಟ್ಟಿದ್ದಳು.

ನಾನು ಗಾಲ್ಫ್ ಆಡುತ್ತಿದ್ದವನು. ಎಂಬತ್ತರ ದಶಕದ ಅಕ್ಕೋಳದಲ್ಲಿ ಈ ಮಾತು ಹೇಳಿದರೆ ಅದೇನು ರೋಗ ಎಂದು ಕೇಳುವವರೇ ಹೆಚ್ಚು. ಉತ್ತರದ ಕಡೆಯ ಒಂದು ಕ್ಯಾಂಟೋನ್ಮೆಂಟಿನಲ್ಲಿ ನಾನು ಗಾಲ್ಫ್ ಮೈದಾನದ ಕ್ಲಾರ್ಕ್ ಆಗಿದ್ದೆ. ಹುಲ್ಲು ಕತ್ತರಿಸಿದ್ದು, ನೀರು ಬಿಟ್ಟದ್ದು ಎಲ್ಲ ಬರೆದಿಡುವ ಕೆಲಸ. ಒಂದು ದಿನ ಆಟಕ್ಕೆ ಒಬ್ಬರು ಕಡಿಮೆ ಬಿದ್ದರೆಂದು ಸಾಹೇಬರು ನನ್ನನ್ನು ಕರೆದರು. ಮುಂದೆ ಹತ್ತು ವರ್ಷ ಪಲ್ಟನ್ನಿನ ಪರವಾಗಿ ಪಂದ್ಯಗಳಲ್ಲಿ ಆಡಿದೆ. ಆಟ ಹೇಳಲು ಸರಳ: ಉದ್ದನೆಯ ಕೋಲಿನಿಂದ ಸಣ್ಣ ಚೆಂಡನ್ನು ಹೊಡೆಯುತ್ತ ಹೋಗಿ ದೂರದ ಕುಳಿಯಲ್ಲಿ ಹಾಕಬೇಕು, ಕಡಿಮೆ ಹೊಡೆತದಲ್ಲಿ ಹಾಕಿದವನು ಗೆದ್ದ. ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಹೊಡೆಯಬೇಕು, ಕಾಲಿನಿಂದ ಸರಿಸುವಂತಿಲ್ಲ. ಈ ಕೊನೆಯ ನಿಯಮವನ್ನು ನಾನು ದೇವರ ಮಾತಿನಂತೆ ನಂಬಿದ್ದೆ. ಬರುವಾಗ ಸಾಹೇಬರು ಒಂದು ಹಳೆಯ ಚೀಲ, ಏಳು ಕೋಲು, ಎರಡು ಡಜನ್ ಚೆಂಡು ಕೊಟ್ಟು ಬೆನ್ನು ತಟ್ಟಿ ಕಳಿಸಿದ್ದರು. ಆಡಲು ಜಾಗ ಮಾತ್ರ ಕೊಟ್ಟಿರಲಿಲ್ಲ.

ಮನೆಯಲ್ಲಿ ಅಣ್ಣ ಇದ್ದ. ನನಗಿಂತ ಐದು ವರ್ಷ ದೊಡ್ಡವ. ನಾನು ಪಲ್ಟನ್ನಿನಲ್ಲಿದ್ದ ಇಪ್ಪತ್ತೆರಡು ವರ್ಷ ಹೊಲವನ್ನೆಲ್ಲ ಅವನೊಬ್ಬನೇ ನೋಡಿಕೊಂಡಿದ್ದ. ಸೂಟಿಯ ಮೇಲೆ ಬಂದಾಗಲೆಲ್ಲ ನಾನು ಅವನಿಗೆ ನೆಂಟನೇ ಹೊರತು ತಮ್ಮನಲ್ಲ. ಈಗ ಕಾಯಂ ಬಂದ ಮೇಲೂ ನಮ್ಮಿಬ್ಬರ ನಡುವೆ ಮಾತು ಬೆಳೆಯಲೊಲ್ಲದು. "ಉಂಡ್ಯಾ?" ಎನ್ನುತ್ತಿದ್ದ. "ಉಂಡ್ನಿ" ಎನ್ನುತ್ತಿದ್ದೆ. ಆಮೇಲೆ ಇಬ್ಬರೂ ಬೇವಿನ ಮರವನ್ನು ನೋಡುತ್ತ ಕೂರುತ್ತಿದ್ದೆವು. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು, ಮಾತು ಹುಡುಕಿ ಆಡಬೇಕಾದ ಸ್ಥಿತಿ ಬಂದಿತ್ತು. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಸಂಜೆ ಅಂಗಳದಲ್ಲಿ ನಾನು ಕೋಲು ಒರೆಸುತ್ತಿದ್ದಾಗ ಅಣ್ಣ ಬಂದು ನಿಂತ.

"ಲೇ ತಮ್ಮಾ, ಇದರ್ಲೆ ಏನ್ ಮಾಡ್ತಾರೋ?"

"ಚೆಂಡು ಹೊಡಿತಾರ."

"ಹೊಡ್ದು?"

"ಮತ್ತ ಹೊಡಿತಾರ."

ಅಣ್ಣ ನಕ್ಕ. ನಾನು ಊರಿಗೆ ಬಂದ ಮೇಲೆ ಅವನು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. "ನಡಿ, ಮಡ್ಡಿಗೆ ಹೋಗೂನು," ಎಂದ.

ನಮ್ಮ ಹೊಲದ ಮೇಲ್ಗಡೆ ಕಲ್ಲು, ಕುರುಚಲು ಹುಲ್ಲಿನ ಎತ್ತರದ ಜಾಗವಿದೆ. ಅಲ್ಲಿ ಏನೂ ಬೆಳೆಯುವುದಿಲ್ಲ, ದನ ಮೇಯುತ್ತವೆ. ಅದೇ ಮಡ್ಡಿ. ಅಲ್ಲಿ ನಾಲ್ಕು ಕಡೆ ನೆಲ ಅಗೆದು ನಾಲ್ಕು ಖಾಲಿ ಡಾಲ್ಡಾ ಡಬ್ಬಿ ಹೂತೆವು. ಬೇವಿನ ಗಿಡದ ಕೆಳಗೊಂದು, ಬಾಂದಗಲ್ಲಿನ ಹತ್ತಿರ ಒಂದು, ಹಳೆಯ ಕಟ್ಟೆಯ ಮಗ್ಗುಲಿಗೊಂದು, ಕೊನೆಯದು ಕೆಳಗಡೆ ನಮ್ಮ ತಂಬಾಕಿನ ಹೊಲದ ಬದುವಿಗೆ. ಅಣ್ಣ ಗಾಂಧಿ ಟೊಪ್ಪಿಗೆ ಸರಿಮಾಡಿಕೊಂಡು, ಧೋತರ ಮೇಲೆ ಕಟ್ಟಿ, ಎತ್ತಿನ ಹಿಂದೆ ಕುಂಟೆ ಹಿಡಿದಂತೆ ಕೋಲು ಹಿಡಿದು ಬೀಸಿದ. ಮೊದಲ ಮೂರು ಸಲ ಚೆಂಡು ಕೂತಲ್ಲೇ ಕೂತಿತ್ತು. ನಾಲ್ಕನೆಯ ಸಲ ಹಾರಿತು ನೋಡಿ, ಅದು ಹೋದ ದಾರಿಯನ್ನೇ ನೋಡುತ್ತ ಬಾಯಿ ತೆರೆದು ನಿಂತುಬಿಟ್ಟ.

ಅವತ್ತಿನಿಂದ ದಿನಾ ಸಂಜೆ ನನಗಿಂತ ಮೊದಲೇ ಅವನು ತಯಾರು. ಹೊಡೆಯುವ ಮಧ್ಯೆ ಮಧ್ಯೆ ಮಾತು. ಅಪ್ಪ ಎತ್ತು ಕೊಳ್ಳಲು ರಾಯಬಾಗಕ್ಕೆ ಹೋಗಿ ಎಮ್ಮೆ ಹೊಡೆದುಕೊಂಡು ಬಂದದ್ದು, ಅವ್ವ ತೀರಿಕೊಂಡಾಗ ಕಳಿಸಿದ ತಾರು ನನಗೆ ಮುಟ್ಟಿರದಿದ್ದದ್ದು, ಅವ್ವ ಕೊನೆಗೆ ಏನಂದಳು ಎಂಬುದು, ಎಲ್ಲ ನನಗೆ ಗೊತ್ತಾದದ್ದು ಆ ಮಡ್ಡಿಯ ಮೇಲೆ. ಚೆಂಡು ಕಲ್ಲಿನ ಸಂದಿಗೆ ಬಿದ್ದರೆ ಅಣ್ಣ ಕಾಲ ಹೆಬ್ಬೆರಳಿನಿಂದ ಹೊರಗೆ ಎಳೆದುಕೊಳ್ಳುತ್ತಿದ್ದ. "ಎಷ್ಟ ಆತು?" ಎಂದು ಕೇಳಿದರೆ "ನಾಕ ಅನ್ನು" ಎನ್ನುತ್ತಿದ್ದ. ಆಗಿರುತ್ತಿದ್ದದ್ದು ಒಂಬತ್ತು.

ನನಗೆ ಕಂಡದ್ದು ಆ ಒಂಬತ್ತು ಮಾತ್ರ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಇಪ್ಪತ್ತೆರಡು ವರ್ಷ ಕಳೆದುಕೊಂಡಿದ್ದ ಅಣ್ಣ ಸಿಕ್ಕಿದ್ದ, ನಾನು ಅವನ ಹೊಡೆತ ಎಣಿಸುತ್ತಿದ್ದೆ. ಹೊಡೆಯುವಾಗ ಮಾತಾಡಬಾರದು ಎಂದೆ. ಕಾಲಿನಿಂದ ಸರಿಸಬಾರದು ಎಂದೆ. ಬಿದ್ದಲ್ಲಿಂದಲೇ ಹೊಡೆಯಬೇಕು ಎಂದೆ. ಒಂದು ನೋಟ್ ಬುಕ್ ತಂದು ದಿನದಿನದ ಲೆಕ್ಕ ಬರೆಯತೊಡಗಿದೆ. ಅಣ್ಣ, "ಆತ್ ಬಿಡಪಾ, ಸಾಹೇಬ್ರು ಹೇಳ್ದಂಗ," ಎಂದು ಟೊಪ್ಪಿಗೆ ತೆಗೆದು ಸಲಾಮು ಹೊಡೆಯುತ್ತಿದ್ದ. ಅವನು ಚೇಷ್ಟೆ ಮಾಡುತ್ತಿದ್ದಾನೆಂದು ತಿಳಿದಿದ್ದೆ. ಅವನ ಮಾತು ಕಡಿಮೆಯಾಗುತ್ತ ಬಂದದ್ದು ಮಾತ್ರ ಗಮನಕ್ಕೆ ಬರಲಿಲ್ಲ.

ಅಷ್ಟಕ್ಕೂ ನಾನೂ ಸುಖವಾಗಿರಲಿಲ್ಲ. ಸೊಂಟ ಹಿಡಿದುಕೊಳ್ಳುತ್ತಿತ್ತು. ಮೊದಲು ಕಣ್ಣು ಮುಚ್ಚಿ ಹೊಡೆಯುತ್ತಿದ್ದ ದೂರಕ್ಕೆ ಈಗ ಚೆಂಡು ಮುಟ್ಟುತ್ತಿರಲಿಲ್ಲ. ನಾಲ್ಕು ಡಬ್ಬಿಗೆ ಹದಿನಾರು ಹೊಡೆತ ಎಂದು ನಾನೇ ಒಂದು ಗುರಿ ಇಟ್ಟುಕೊಂಡಿದ್ದೆ. ಹದಿನೆಂಟಾದರೆ ಅನ್ನ ಸೇರದು, ಹತ್ತೊಂಬತ್ತಾದರೆ ಮಾತು ಬೇಡ. ತಟ್ಟೆಯ ಮುಂದೆ ಕೂತು ಯಾವ ಹೊಡೆತ ಎಲ್ಲಿ ತಪ್ಪಿತೆಂದು ರೊಟ್ಟಿ ಚೂರಿನಿಂದ ತೋರಿಸಿಕೊಳ್ಳುತ್ತಿದ್ದೆ. ಹೆಂಡತಿ ಒಂದು ದಿನ ಲಟ್ಟಣಿಗೆ ಕೆಳಗಿಟ್ಟು ಹೇಳಿದಳು: "ಆಟ ಆಡಿ ಬಂದವರ ಮಾರಿ ಹಿಂಗಿರತೈತೇನ್ರಿ? ಮಣ್ಣಿಗೆ ಹೋಗಿ ಬಂದವರಂಗ ಕಾಣ್ತೀರಿ." ನಾನು ಅವಳ ಮೇಲೆ ರೇಗಿದೆ. ಅವಳು ಮತ್ತೆ ಲಟ್ಟಣಿಗೆ ತೆಗೆದುಕೊಂಡಳು.

ಜನವರಿ ಬಂತು. ನಮ್ಮ ಸೀಮೆಯಲ್ಲಿ ಅದು ತಂಬಾಕು ಕೊಯ್ಯುವ ಕಾಲ. ಕೊಯ್ದ ಗಿಡಗಳನ್ನು ಹೊಲದಲ್ಲೇ ಸಾಲಾಗಿ ಹರವಿ ಬಿಸಿಲಿಗೆ ಒಣಗಲು ಬಿಡುತ್ತಾರೆ. ಒಣಗಿದ ಎಲೆ ಹಗಲು ಹಪ್ಪಳದಂತೆ, ಮುಟ್ಟಿದರೆ ಪುಡಿ. ಬೆಳಗಿನ ಜಾವ ಇಬ್ಬನಿ ಬಿದ್ದಾಗ ಅದೇ ಎಲೆ ಬಟ್ಟೆಯಂತೆ ಮೆತ್ತಗಾಗುತ್ತದೆ. ಮಗುಚುವುದಿರಲಿ, ಎತ್ತಿ ಬಣವೆ ಹಾಕುವುದಿರಲಿ, ಹೊಲಕ್ಕೆ ಕಾಲಿಡುವುದೇ ಆವಾಗ. ಬಿಸಿಲು ಏರಿತೋ, ಎಲ್ಲರೂ ಹೊರಗೆ. ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಶಿಸ್ತು ಇದು. ನಾನು ನಾಲ್ಕು ವರ್ಷದವನಿದ್ದಾಗ ಹಗಲು ತಂಬಾಕಿನ ಮೇಲೆ ಓಡಿದ್ದಕ್ಕೆ ಅಪ್ಪ ಬಾರಿಸಲು ಬಂದಿದ್ದ, ಅಡ್ಡ ಬಂದು ಏಟು ತಿಂದವನು ಅಣ್ಣ.

ಅಂಥ ಒಂದು ಬಿಸಿಲ ದಿನ, ಅಣ್ಣನಿಗೆ ಬಿಡುವಿತ್ತೆಂದು ಮಧ್ಯಾಹ್ನವೇ ಆಟಕ್ಕೆ ಹೋಗಿದ್ದೆವು. ಮೂರು ಡಬ್ಬಿ ಮುಗಿದಾಗ ನನ್ನದು ಹನ್ನೊಂದು. ಇನ್ನು ಐದರಲ್ಲಿ ಕೊನೆಯದನ್ನು ಮುಗಿಸಿದರೆ ಹದಿನಾರು. ಮೊದಲ ಹೊಡೆತ ಚೆನ್ನಾಗಿಯೇ ಎದ್ದಿತು, ಆದರೆ ಬಲಕ್ಕೆ ಬಾಗುತ್ತ ಬಾಗುತ್ತ ಹೋಗಿ ಅಣ್ಣ ಹರವಿದ್ದ ತಂಬಾಕಿನ ನಡುವೆ ಬಿತ್ತು. ಬದುವಿನಿಂದ ನೋಡಿದರೆ ಬೆಳ್ಳಗೆ ಕಾಣುತ್ತಿತ್ತು.

"ಇರ್ಲಿ ಬಿಡೋ," ಅಂದ ಅಣ್ಣ. "ಈಗ ಎಲಿ ಕಡಕ್ ಆಗೈತಿ. ನಾಳೆ ಮುಂಜಾನೆ ಇಬ್ಬನ್ಯಾಗ ತಗೋಳೂನು. ಇನ್ನೊಂದ ಚೆಂಡ ಹೊಡಿ."

"ಹಂಗ್ ನಡ್ಯಾಂಗಿಲ್ಲಣ್ಣಾ. ಬಿದ್ದಲ್ಲಿಂದ ಹೊಡಿಬೇಕು."

"ಲೇ, ತಂಬಾಕ ಐತೋ."

ನಾನು ಇಳಿದೆ. ಹನ್ನೆರಡು ಹೆಜ್ಜೆ ಇರಬೇಕು. ಒಂದೊಂದು ಹೆಜ್ಜೆಗೂ ಕಾಲ ಕೆಳಗೆ ಚರಚರ ಸದ್ದು. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಕಾಲೂರಿ ನಿಂತು ಬೀಸಿದೆ. ಎಲೆಯ ಪುಡಿ ಕಣ್ಣು ಮೂಗಿಗೆಲ್ಲ ಹಾರಿತು, ಚೆಂಡು ಹಾರಲಿಲ್ಲ. ಸೀನುತ್ತ ಮತ್ತೊಮ್ಮೆ ಬೀಸಿದೆ. ಈ ಸಲ ಬದುವಿಗೆ ಬಿತ್ತು. ಮತ್ತೆ ಮೂರು ಹೊಡೆತಕ್ಕೆ ಡಬ್ಬಿಗೆ ಹೋಯಿತು. ತಿರುಗಿ ನೋಡಿದರೆ ಅಣ್ಣ ನಾನು ನಿಂತಿದ್ದ ಜಾಗದ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಪುಡಿ ಎತ್ತಿ ಮಣ್ಣಿನಿಂದ ಬೇರೆ ಮಾಡಲು ನೋಡುತ್ತಿದ್ದ. ಬೇರೆಯಾಗಲಿಲ್ಲ. ಕೈ ಕೊಡವಿ ಎದ್ದ.

"ಎಷ್ಟ ಆತು?" ಎಂದು ಕೇಳಿದ.

"ಹದಿನೇಳು," ಎಂದೆ.

"ಬರ್ಕೋ," ಎಂದು ಹೇಳಿ ಮನೆಯ ಕಡೆ ನಡೆದ. ಕೋಲನ್ನು ಬದುವಿನ ಮೇಲೆ ಮಲಗಿಸಿ ಹೋಗಿದ್ದ, ಎಸೆದಿರಲಿಲ್ಲ.

ಮರುದಿನ ಸಂಜೆ ಅವನು ಬರಲಿಲ್ಲ. ಕರೆದೆ. "ಕೆಲಸ ಐತ್ಯಪಾ," ಎಂದ. ಅದರ ಮರುದಿನವೂ ಅಷ್ಟೇ. ನಾಲ್ಕನೆಯ ದಿನ ನಾನೇ ಕರೆಯಲಿಲ್ಲ. ಮನೆಯಲ್ಲಿ ಮತ್ತೆ "ಉಂಡ್ಯಾ", "ಉಂಡ್ನಿ". ಹಾಳಾಗಿದ್ದು ಹನ್ನೆರಡು ಹೆಜ್ಜೆಯಷ್ಟು ತಂಬಾಕು, ಅದಕ್ಕೇಕೆ ಇಷ್ಟು ಬಿಗುಮಾನ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ವಾದದಲ್ಲಿ ಗೆಲ್ಲುತ್ತಿದ್ದೆ, ಗೆದ್ದು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದೆ. ಒಬ್ಬನೇ ಮಡ್ಡಿಗೆ ಹೋಗಿ ಆಡಿದೆ. ಯಾರೂ ಮಾತಾಡಲಿಲ್ಲ, ಯಾರೂ ಕಾಲಿನಿಂದ ಚೆಂಡು ಸರಿಸಲಿಲ್ಲ. ನಾನು ಬಯಸಿದ್ದ ಆಟವೇ ಅದು. ಆರನೆಯ ದಿನ ಹದಿನಾರು ಬಂತು. ಹೇಳಬೇಕೆಂದು ತಿರುಗಿದೆ. ಒಂದು ಎಮ್ಮೆ ನಿಂತಿತ್ತು.

ಅವತ್ತು ನೋಟ್ ಬುಕ್ಕಿನಲ್ಲಿ ಆ ಹದಿನಾರನ್ನು ಬರೆಯಲು ಮನಸ್ಸಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, "ನಾಳೆ ಮುಂಜಾನೆ ತಂಬಾಕ ಬಣವಿ ಹಾಕ್ತಾರಂತ. ಆಳು ಕಡಿಮಿ ಬಿದ್ದಾರಂತ ಅಕ್ಕಾರು ಅನ್ನಾಕತ್ತಿದ್ರು," ಎಂದಳು. ಅಕ್ಕಾರು ಎಂದರೆ ಅಣ್ಣನ ಹೆಂಡತಿ. ನನ್ನ ಮುಖ ನೋಡದೆ ಹೇಳಿದಳು, ಹೇಳಿದ್ದು ನನಗೇ.

ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋದೆ. ಅಣ್ಣ ನೋಡಿದ. ಒಂದು ಗೋಣಿತಟ್ಟು ನನ್ನ ಕಡೆ ಚಾಚಿದ. ಇಬ್ಬನಿಯಿಂದ ಎಲೆಗಳೆಲ್ಲ ತಣ್ಣಗೆ, ಮೆತ್ತಗೆ. ಒಂದೇ ಸಾಲಿನಲ್ಲಿ ಬಾಗಿ ಗಿಡ ಎತ್ತಿ ತೆಕ್ಕೆಗೆ ಹಾಕಿಕೊಳ್ಳುತ್ತ ನಡೆದೆವು. ಅಂಗೈಗೆ ಕಪ್ಪು ಅಂಟು ಹತ್ತಿತು, ಸೊಂಟ ಕಿತ್ತು ಬರುವಂತಾಯಿತು. ನಾನು ಪುಡಿ ಮಾಡಿದ್ದ ಜಾಗ ಬಂದಾಗ ಇಬ್ಬರೂ ಅದನ್ನು ದಾಟಿ ನಡೆದೆವು. ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ತಪ್ಪಾತಣ್ಣಾ," ಎಂದೆ.

"ಅವತ್ತ ಅಪ್ಪನ ಕೈಯಾಗ ನಿನ್ನ ಕೊಡಬೇಕಾಗಿತ್ತು," ಎಂದ. ನಗಲಿಲ್ಲ, ಆದರೆ ದನಿ ಹಗುರಾಗಿತ್ತು. ಎರಡು ಹೆಜ್ಜೆ ಮುಂದೆ ಎಲೆಯ ಕೆಳಗಿಂದ ಒಂದು ಹಳೆಯ ಚೆಂಡು ಉರುಳಿತು. ಯಾವತ್ತು ಕಳೆದದ್ದೋ. ಧೋತರಕ್ಕೆ ಒರೆಸಿ ಅಂಗಿಯ ಕಿಸೆಗೆ ಹಾಕಿಕೊಂಡ. ಸಂಜೆ ಅದೇ ಚೆಂಡು ಹಿಡಿದು ಮಡ್ಡಿಯ ಮೇಲೆ ನಿಂತಿದ್ದ.

ನೋಟ್ ಬುಕ್ಕನ್ನು ಹೆಂಡತಿ ಒಲೆ ಹಚ್ಚಲು ತೆಗೆದುಕೊಂಡಳು. ಅಂದಿನಿಂದ ನನ್ನ ಚಡಪಡಿಕೆ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಅಣ್ಣ ಹೆಬ್ಬೆರಳಿನಿಂದ ಚೆಂಡು ಎಳೆದುಕೊಂಡಾಗಲೆಲ್ಲ ನಾಲಿಗೆ ತುರಿಸುತ್ತಿತ್ತು. ಮನಸ್ಸಿನಲ್ಲಿ ಎಣಿಸುವುದನ್ನು ಬಿಡಲು ಎರಡು ವರ್ಷ ಹಿಡಿಯಿತು. ಒಂದೇ ಒಂದು ಹೊಸ ನಿಯಮ ಮಾಡಿಕೊಂಡೆವು: ತಂಬಾಕಿಗೆ ಬಿದ್ದ ಚೆಂಡು ಮರುದಿನ ಮುಂಜಾನೆಗೆ ಸೇರಿದ್ದು. ಇಬ್ಬನಿಯಲ್ಲಿ ಇಬ್ಬರೂ ಸಾಲು ಹಿಡಿದು ಹುಡುಕುತ್ತಿದ್ದೆವು. ಚೆಂಡು ಸಿಕ್ಕ ಮೇಲೆ ಬದುವಿನ ಮೇಲೆ ಕೂತು, ಅತ್ತಿಗೆ ಕಳಿಸಿದ ಚಹಾ ಕುಡಿದು, ಬಿಸಿಲು ಬೀಳುವತನಕ ಮಾತಾಡುತ್ತಿದ್ದೆವು. ಹಾಗೆ ಎಷ್ಟೋ ಸುಗ್ಗಿ ಕಳೆದವು, ತೊಂಬತ್ತರ ದಶಕ ಬಂದು ಅರ್ಧ ಮುಗಿಯಿತು.

ಆ ವರ್ಷಗಳಲ್ಲಿ ಅಣ್ಣನ ಕೈ ಚೆನ್ನಾಗಿ ಪಳಗಿತ್ತು. ಮೊದಲ ಮೂರು ಡಬ್ಬಿಗೆ ನೆಟ್ಟಗೆ ಹೊಡೆಯುವವನು. ಆದರೆ ಕೊನೆಯ ಡಬ್ಬಿಗೆ ಬಂದನೆಂದರೆ ಅವನ ಚೆಂಡು ದಿನಾ ತಂಬಾಕಿಗೇ. ಒಂದು ಸಂಜೆ ನನ್ನೊಳಗಿನ ಹಳೆಯ ಆಟಗಾರ ಸುಮ್ಮನಿರಲಾರದೆ ಹೇಳಿದ: "ಅಣ್ಣಾ, ಇಲ್ಲಿ ಬಂದಕೂಡ್ಲೆ ನಿನ್ನ ಗುರಿ ಕೆಡತೈತಿ ನೋಡು. ಎಡಗಾಲ ಒಂಚೂರ ಹಿಂದಕ್ಕ ಇಡು."

ಅಣ್ಣ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುತ್ತಿದ್ದ. ತಿಕ್ಕುವುದನ್ನು ನಿಲ್ಲಿಸದೆ ಹೇಳಿದ: "ಗುರಿ ಕೆಟ್ಟಿಲ್ಲೋ ತಮ್ಮಾ. ಡಬ್ಯಾಗ ಬಿದ್ರ ಆಟ ಇವತ್ತಿಗೆ ಮುಗೀತೈತಿ. ಅಲ್ಲಿ ಬಿದ್ರ ನೀ ನಾಳೆ ಮುಂಜಾನೆ ಬರ್ತಿ."

ಆಡುವ ಸರದಿ ನನ್ನದಿತ್ತು. ಡಬ್ಬಿ ಮೂವತ್ತು ಮಾರು ದೂರ, ದಾರಿ ಸಾಫು, ಗಾಳಿಯೂ ಇಲ್ಲ. ಪಾದ ಹೊರಳಿಸಿ, ಡಬ್ಬಿಯನ್ನು ಬಿಟ್ಟು ಬಲಕ್ಕೆ ತಿರುಗಿ, ಪಲ್ಟನ್ನಿನ ಪಂದ್ಯದಲ್ಲೂ ಇಡದಷ್ಟು ಎಚ್ಚರದಿಂದ ಗುರಿ ಇಟ್ಟು ಹೊಡೆದೆ. ಚೆಂಡು ನೆಟ್ಟಗೆ ಹೋಗಿ ತಂಬಾಕಿನ ನಡುವೆ ಇಳಿಯಿತು.

"ಎಷ್ಟ ಆತು?" ಎಂದ ಅಣ್ಣ.

"ನಾಳೆ ಹೇಳ್ತೀನಿ," ಎಂದೆ.