ಆರು ಸಾವಿರ ವರ್ಷದ ಹೆಡ್‌ಮಾಸ್ತರರು

ಬೇಸಿಗೆ ಬಂತೆಂದರೆ ಅವರ ಕೊರಳ ಸುತ್ತ ಬೆವರುಸಾಲೆಯ ಕೆಂಪು ಪಟ್ಟಿಯೊಂದು ಮೂಡುತ್ತಿತ್ತು. ಬೀದರಿನ ಏಪ್ರಿಲ್ ಬಿಸಿಲಿನಲ್ಲೂ ಕರಿಯ ಶೇರ್ವಾನಿಯ ಗುಂಡಿಗಳನ್ನು ಗಂಟಲವರೆಗೆ ಹಾಕಿಕೊಂಡೇ ಶಾಲೆಗೆ ಬರುತ್ತಿದ್ದರು. ಪಾಠದ ನಡುವೆ ಬೆರಳನ್ನು ಕಾಲರಿನೊಳಗೆ ತೂರಿಸಿ ಒಮ್ಮೆ ಸುತ್ತ ಎಳೆದುಕೊಳ್ಳುವರು, ಗುಂಡಿ ಮಾತ್ರ ಬಿಚ್ಚರು. ನಿಜಾಮರ ಆಳಿಕೆ ಮುಗಿದ ಮೇಲೆ ಊರಿನ ಶೇರ್ವಾನಿಗಳೆಲ್ಲ ಒಂದೊಂದಾಗಿ ಪೆಟ್ಟಿಗೆ ಸೇರಿದವು. ನಿಜಾಮರ ಕಡೆಯವರೆಂದಾರು ಎಂದು ಹೆದರಿ ಒಲೆಗೆ ಹಾಕಿದವರೂ ಇದ್ದರು. ಇವರು ಬಿಡಲಿಲ್ಲ. ಯಾರೋ ಕೇಳಿದ್ದಕ್ಕೆ, “ಬಟ್ಟಿ ಏನ್ ಗುನ್ಹೆ ಮಾಡ್ಯದ್ರಿ? ಹೊಲಿಸಿದಾಗ ಛಲೋ ಇತ್ತು, ಈಗೂ ಛಲೋ ಅದ” ಅಂದಿದ್ದರು.

ಬೀದರಿನ ಅಂಚಿನಲ್ಲಿದ್ದ ಒಂದು ಸಣ್ಣ ಮಿಷನ್ ಶಾಲೆಗೆ ಅವರು ಹೆಡ್‌ಮಾಸ್ತರರು. ತಂದೆಯ ಕಾಲದಿಂದ ಕ್ರೈಸ್ತರು. ಈ ಭೂಮಿಯನ್ನು ದೇವರು ಆರೇ ದಿನಗಳಲ್ಲಿ ಮಾಡಿ ಮುಗಿಸಿದ, ಅದಕ್ಕೆ ಈಗ ಹೆಚ್ಚೆಂದರೆ ಆರು ಸಾವಿರ ವರ್ಷ ಎಂದು ಅವರು ನಂಬಿದ್ದರು. ಅಕ್ಷರಶಃ ಹಾಗೆಯೇ ನಂಬಿದ್ದರು. ತಮ್ಮ ದೇವರ ಪುಸ್ತಕದಲ್ಲಿ ಯಾರಿಗೆ ಎಷ್ಟನೇ ವಯಸ್ಸಿನಲ್ಲಿ ಮಗ ಹುಟ್ಟಿದ ಎಂಬುದನ್ನು ಮೊದಲ ಮನುಷ್ಯನಿಂದ ಹಿಡಿದು ಮಗ್ಗಿಯ ಹಾಗೆ ಹೇಳುತ್ತ ಹೋಗಿ, ಕೊನೆಗೆ ಕೂಡಿಸಿ ತೋರಿಸುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಪೊಲೀಸ್ ಆ್ಯಕ್ಷನ್ ಆದ ವಾರದಲ್ಲಿ. ನಮ್ಮದು ಠಾಣಾ ಕುಶನೂರಿನ ಲಿಂಗಾಯತ ಮನೆತನ, ಒಕ್ಕಲುತನ. ನಾನು ಹೈದರಾಬಾದಿನಲ್ಲಿ ಉರ್ದುವಿನಲ್ಲೇ ವಿಜ್ಞಾನ ಓದಿ, ಭಾಲ್ಕಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬದಲಿ ಮಾಸ್ತರನಾಗಿ ದಿನ ತಳ್ಳುತ್ತಿದ್ದೆ. ಮನೆಯ ಒಡತಿ ಗಂಡನಿಲ್ಲದ ಮುಸ್ಲಿಂ ಹೆಂಗಸು. ನಾನು ಅವರನ್ನು ಅಮ್ಮಾಜಾನ್ ಅನ್ನುತ್ತಿದ್ದೆ. ಜ್ವರ ಬಂದಾಗ ನನ್ನ ಹಣೆಗೆ ತಣ್ಣೀರ ಪಟ್ಟಿ ಹಾಕಿದವರು. ಭಾರತದ ಸೈನ್ಯ ಬಂತು, ನಿಜಾಮರು ಸೋತರು ಎಂಬ ಸುದ್ದಿಯ ಬೆನ್ನಿಗೇ ನಮ್ಮ ಸೀಮೆಯ ಹಳ್ಳಿಗಳಲ್ಲಿ ಮುಸಲ್ಮಾನರ ಮನೆಗಳಿಗೆ ಜನ ನುಗ್ಗತೊಡಗಿದರು. ಅಮ್ಮಾಜಾನರನ್ನೂ ಅವರ ಮಗಳನ್ನೂ ನಮ್ಮ ಊರಿನ ಎತ್ತಿನ ಗಾಡಿಯಲ್ಲಿ ಕೂರಿಸಿ, ಮೇಲೆ ಜೋಳದ ಕಣಿಕೆಯ ಹೊರೆ ಹಾಕಿ, ಬೀದರಿನಲ್ಲಿದ್ದ ಅವರ ತಮ್ಮನ ಮನೆಗೆ ಕರೆತಂದೆ. ಆ ಮನೆಗೆ ಬೀಗ. ತಮ್ಮ ಎಲ್ಲಿ ಹೋದನೆಂದು ಓಣಿಯಲ್ಲಿ ಹೇಳುವವರೂ ಇಲ್ಲ. ಯಾರೋ ಒಬ್ಬರು ಕಿಟಕಿಯಿಂದಲೇ, “ಮಿಷನ್ ಸಾಲಿಗಿ ಹೋಗ್ರಿ” ಎಂದು ಪಿಸುಗುಟ್ಟಿ ಕಿಟಕಿ ಹಾಕಿಕೊಂಡರು.

ಗೇಟಿನಲ್ಲಿ ಕರಿಯ ಶೇರ್ವಾನಿಯ ಈ ಮನುಷ್ಯ ನಿಂತಿದ್ದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

“ಎಷ್ಟ್ ಮಂದಿ?”

“ಇಬ್ಬರ್ರಿ.”

“ನೀವು?”

“ನಾನು ಇವರನ್ನ ಬಿಟ್ಟು ಹೋಗ್ಲಿಕ್ಕೆ ಬಂದೀನ್ರಿ.”

ಒಳಗೆ ತರಗತಿಯ ಕೋಣೆಗಳ ತುಂಬ ಹೆಂಗಸರು, ಮಕ್ಕಳು. ಅದಕ್ಕೂ ಹಿಂದೆ ನಿಜಾಮರ ಕಡೆಯವರು ಹಳ್ಳಿಗಳಿಗೆ ಬೆಂಕಿ ಇಟ್ಟಾಗ ಓಡಿಬಂದ ಹಿಂದೂ ಸಂಸಾರಗಳನ್ನೂ ಅವರು ಇದೇ ಕೋಣೆಗಳಲ್ಲಿ ಇಟ್ಟುಕೊಂಡಿದ್ದರಂತೆ. “ಹೋದ ತಿಂಗಳ ನಿಮ್ಮವರು ಇದ್ರು, ಈಗ ಇವರು ಬಂದಾರ” ಎಂದರು. “ಚಾಪಿ ಅವೇ ಅವ.”

ಹೋಗಬೇಕೆಂದು ಬಂದವನು ನಾನು ಹೋಗಲಿಲ್ಲ. ಕೆಲಸ ಬಹಳವಿತ್ತು. ಆ ಸಂಜೆ ಅಳುವ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೆಡ್‌ಮಾಸ್ತರರು ಜಲಪ್ರಳಯದ ಕತೆ ಹೇಳುತ್ತಿದ್ದರು. ಭೂಮಿಗೆ ಇನ್ನೂ ಚಿಕ್ಕ ಉಮರು, ಆರು ಸಾವಿರ ವರ್ಷವೂ ಸರಿಯಾಗಿ ತುಂಬಿಲ್ಲ, ಅದಕ್ಕೇ ಹೀಗೆ ಹುಡುಗಾಟ ಮಾಡುತ್ತದೆ ಎಂದರು. ಖಿಚಡಿಯ ಬೋಗುಣಿ ಹಿಡಿದು ನಿಂತಿದ್ದ ನನಗೆ ತಡೆಯಲಿಲ್ಲ. “ಸಾಹೇಬ್ರ, ಭೂಮಿಗಿ ಇನ್ನೂರು ಕೋಟಿ ವರ್ಷ ಆಗ್ಯಾವಂತ್ರಿ. ನಾ ಓದೀನಿ” ಅಂದುಬಿಟ್ಟೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಅದರ ಜಗಳ ಆಮೇಲ ಮಾಡೋಣ್ರಿ. ಮೊದಲ ಖಿಚಡಿ ಹಂಚ್ರಿ, ಆರ್ಲತ್ತದ.”

ಮರುದಿನ ಮಧ್ಯಾಹ್ನ ಹತ್ತಿಪ್ಪತ್ತು ಗಂಡಸರು ಕೋಲು, ಕೊಡಲಿ ಹಿಡಿದು ಗೇಟಿಗೆ ಬಂದರು. ಮುಂದೆ ನಿಂತವನು, “ಒಳಗ ಸಾಬರು ಇದ್ದಾರೇನ್ರಿ?” ಎಂದು ಕೇಳಿದ. ನಾನು ಹೆಡ್‌ಮಾಸ್ತರರ ಹಿಂದೆಯೇ ನಿಂತಿದ್ದೆ. ಇಲ್ಲ ಅನ್ನುತ್ತಾರೆ, ಅಷ್ಟು ಸಾಕು, ಹೋಗುತ್ತಾರೆ ಎಂದುಕೊಂಡೆ.

“ಇದ್ದಾರ” ಎಂದರು ಅವರು.

ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ, ಎಲ್ಲರನ್ನೂ ಕೊಲ್ಲಿಸುತ್ತಾನೆ ಎನಿಸಿತು. ಅವರು ಗೇಟಿನ ಅಗಳಿಯ ಮೇಲೆ ಕೈಯಿಟ್ಟುಕೊಂಡೇ ಮುಂದುವರಿಸಿದರು.

“ಇದ್ದಾರ, ನಾನೂ ಇದೀನಿ. ಒಳಗ ಬರೋದಿದ್ರ ಬರ್ರಿ. ಕೋಲು ಹೊರಗಿಡ್ರಿ. ಸಾಲ್ಯಾಗ ಕೋಲು ಹಿಡಿಯೋನು ನಾನೊಬ್ಬನೇ.” ಆಮೇಲೆ ಮುಂದಿನವನ ಮುಖ ನೋಡಿ, “ನೀ ನನ್ನ ಕಡಿ ನಾಕನೇ ಇಯತ್ತೆ ಓದಿದವ ಅಲ್ಲೇನು? ನಿಮ್ಮವ್ವ ಹ್ಯಾಂಗಿದ್ದಾಳೋ? ಹೋದ ತಿಂಗಳ ಆ ಮೂಲಿ ಕೋಣ್ಯಾಗ ಮಲಗಿದ್ಳು. ಮೊಣಕಾಲು ನೋವು ಕಮ್ಮಿ ಆಗ್ಯದೇನು?”

ಅವನು ಹಿಡಿದಿದ್ದ ಕೊಡಲಿ ಕೆಳಗಿಳಿಸಿದ. “ಆಗ್ಯದ್ರಿ” ಎಂದು ತಲೆ ತಗ್ಗಿಸಿಕೊಂಡು ಹೇಳಿದ. ಅವನು ತಿರುಗಿದ ಮೇಲೆ ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು, ಅವರೂ ತಿರುಗಿದರು. ಅವರು ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೆ ಹೆಡ್‌ಮಾಸ್ತರರು ಅಲ್ಲೇ ಕಟ್ಟೆಯ ಮೇಲೆ ಕುಕ್ಕರಿಸಿದರು. ನಾನು ನೀರು ತಂದುಕೊಟ್ಟೆ. ಊರು ತಣ್ಣಗಾದ ಮೇಲೆ ಅಮ್ಮಾಜಾನರ ತಮ್ಮ ಜೀವಂತ ತಿರುಗಿ ಬಂದ, ಅಕ್ಕನನ್ನೂ ಅವರ ಮಗಳನ್ನೂ ಕರೆದುಕೊಂಡು ಹೋದ.

ನಾನು ಭಾಲ್ಕಿಗೆ ಹೊರಡುವಾಗ ಹೆಡ್‌ಮಾಸ್ತರರು ಕೇಳಿದರು: “ಇನ್ಮ್ಯಾಲ ಪಾಠ ಕನ್ನಡದಾಗ ನಡೀಬೇಕಂತ. ವಿಜ್ಞಾನ ಹೇಳವ್ರು ನನಗಿಲ್ಲ. ಬರ್ತೀರೇನು?”

ನಮ್ಮಪ್ಪನಿಗೆ ದಿಗಿಲು. ಮಗನನ್ನು ಕಿರಸ್ತಾನ ಮಾಡಿಬಿಡುತ್ತಾರೆಂದು ಠಾಣಾ ಕುಶನೂರಿನಿಂದ ಬಂದೇಬಿಟ್ಟ. ಹೆಡ್‌ಮಾಸ್ತರರು ಅವನಿಗೆ ಕುರ್ಚಿ ಹಾಕಿಸಿ, ತಾವು ನಿಂತೇ ಹೇಳಿದರು: “ಗೌಡ್ರ, ನಿಮ್ಮ ಮಗನ ಕೊರಳಾಗಿನ ಲಿಂಗದ ಸುದ್ದಿಗಿ ನಾ ಹೋಗಂಗಿಲ್ಲ. ಅವರ ದೇವರು ಅವರಿಗಿರ್ಲಿ. ನನಗ ಅವರ ಪಾಠ ಬೇಕು.” ಅಪ್ಪ ಶಾಲೆಯ ಬಾವಿಯ ನೀರು ಕುಡಿದು, ಸಮಾಧಾನದಿಂದ ಬಸ್ಸು ಹತ್ತಿದ.

ಅಲ್ಲಿಂದ ಶುರುವಾಯಿತು ನಮ್ಮ ಜಗಳ. ಬೆಳಗಿನ ಮೊದಲ ತಾಸು ಅವರದು, ಧರ್ಮದ ಪಾಠ: ಆರು ದಿನ, ಆರು ಸಾವಿರ ವರ್ಷ. ಎರಡನೇ ತಾಸು ನನ್ನದು: ಇನ್ನೂರು ಕೋಟಿ. ಮಕ್ಕಳು ಎಷ್ಟು ದಿನ ಸುಮ್ಮನಿದ್ದಾವು? ಒಬ್ಬ ಎದ್ದು ನಿಂತು ಕೇಳಿಯೇಬಿಟ್ಟ: “ಸರ್, ಹೆಡ್‌ಮಾಸ್ತರರು ಹಂಗಂತಾರ, ನೀವು ಹಿಂಗಂತೀರಿ. ಪರೀಕ್ಷ್ಯಾಗ ಯಾವುದು ಬರೀಬೇಕ್ರಿ?”

ನಾನು ಜಾಣತನ ಮಾಡಿದೆ. “ಅವರ ಪೇಪರ್‌ನ್ಯಾಗ ಅವರದು ಬರಿ, ನನ್ನ ಪೇಪರ್‌ನ್ಯಾಗ ನಂದು ಬರಿ” ಅಂದೆ. ಮಧ್ಯಾಹ್ನಕ್ಕೆ ಕರೆ ಬಂತು.

“ಮಾಸ್ತರ್ರ, ಏನ್ ಹೇಳಿದ್ರಿ ಮಕ್ಕಳಿಗಿ? ಒಂದ ಸವಾಲಿಗಿ ತಾಸಿಗೊಂದು ಜವಾಬ ಇರ್ತದೇನು?”

“ನಿಮಗ ಬೇಜಾರಾಗಬಾರ್ದಂತ...”

“ಬೇಜಾರು ನನಗಿರ್ಲಿ. ನಮ್ಮಿಬ್ಬರಾಗ ಒಬ್ಬರದು ತಪ್ಪದ. ಹಂಗೇ ಹೇಳ್ರಿ. ನೀವು ಹೆಡ್‌ಮಾಸ್ತರಂದು ತಪ್ಪಂತ ಹೇಳ್ರಿ, ನಾ ವಿಜ್ಞಾನ ಮಾಸ್ತರಂದು ತಪ್ಪಂತ ಹೇಳ್ತೀನಿ. ಕೇಳಿ ಕೇಳಿ ಅವರೇ ಲೆಕ್ಕ ಹಾಕ್ಲಿ.”

ಹಾಗೆಯೇ ನಡೆಯಿತು. ಒಮ್ಮೆ ಸಂತಪುರದ ಹುಡುಗನೊಬ್ಬ ರಜೆಗೆ ಹೋದವನು ಹೊಸ ಬಾವಿ ತೋಡುವಾಗ ಸಿಕ್ಕ ಕಲ್ಲೊಂದನ್ನು ತಂದ. ಅದರ ಮೈಯೊಳಗೆ ಬಸವನಹುಳುವಿನ ಚಿಪ್ಪುಗಳು ಕಲ್ಲಾಗಿ ಕೂತಿದ್ದವು. ಹೆಡ್‌ಮಾಸ್ತರರ ಖುಷಿ ಹೇಳತೀರದು. “ನೋಡ್ರಿ! ಜಲಪ್ರಳಯದ ನೀರು ಇಲ್ಲೀತನಕ ಬಂದಿತ್ತು!” ಎಂದು ಶಾಲೆಯ ತುಂಬ ಹಿಡಿದುಕೊಂಡು ತಿರುಗಿದರು. ಅವರ ಕೈಯಿಂದ ಅದನ್ನು ಇಸಿದುಕೊಂಡು ನಾನೂ ಅಷ್ಟೇ ಖುಷಿಯಿಂದ ತರಗತಿಗೆ ಒಯ್ದೆ. ಇಲ್ಲೊಂದು ಕೆರೆ ಇತ್ತು, ಕರಗಿದ ಬೆಂಕಿಯ ಕಲ್ಲು ಹರಿದು ಬಂದು ಅದನ್ನು ಮುಚ್ಚಿತು, ಅದಾಗಿ ಕೋಟಿಗಟ್ಟಲೆ ವರ್ಷವಾಯಿತು ಎಂದೆ.

ಅದೇ ದಿನ ಶಾಲೆಯ ಕಮಿಟಿಯ ಹಿರಿಯರೊಬ್ಬರು ಹೇಳದೇ ಕೇಳದೇ ಬಂದರು. ಆ ಹುಡುಗ ಹೆಮ್ಮೆಯಿಂದ ಕಲ್ಲನ್ನು ಅವರ ಮುಂದೆ ಹಿಡಿದು, “ಸರ್, ಇದು ಹೆಡ್‌ಮಾಸ್ತರರ ಭೂಮಿಗಿಂತ ಹಳೀದ್ರಿ” ಅಂದ. ಹಿರಿಯರು ನಗಲಿಲ್ಲ. ಶನಿವಾರ ಕಮಿಟಿ ಕೂಡುತ್ತದೆ, ಇಬ್ಬರೂ ಇರಬೇಕು ಎಂದು ಹೇಳಿ ಹೋದರು.

ಆಗ ನನಗೆ ಮದುವೆಯಾಗಿ ಇನ್ನೂ ಹೊಸತು. ಹೆಂಡತಿ ಔರಾದಿನವಳು, ಬೀದರಿಗೆ ಬಂದು ಮನೆ ಹೂಡಿ, ಒಲೆಯ ಮಣ್ಣು ಇನ್ನೂ ಹಸಿ. ಶುಕ್ರವಾರ ರೊಟ್ಟಿ ಬಡಿಯುತ್ತಿದ್ದ ಅವಳಿಗೆ ಎಲ್ಲ ಹೇಳಿದೆ. “ಕೇಳಿದ್ರ ಏನಂತೀರಿ?” ಎಂದಳು. ಗೊತ್ತಿಲ್ಲ ಎಂದೆ. ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿ, “ಖರೆ ಅನಸಿದ್ದು ಹೇಳ್ರಿ. ಊರಾಗ ಜೋಳ ಏನ್ ಬೆಳಿಯಂಗಿಲ್ಲೇನು?” ಎಂದಳು. ಆದರೂ ನನಗೆ ಇದ್ದ ದಿಗಿಲು ಬೇರೆಯೇ. ಹೆಡ್‌ಮಾಸ್ತರರನ್ನು ಕೇಳಿದರೆ ಅವರು ಸುಳ್ಳು ಹೇಳುವುದಿಲ್ಲ. ಗೇಟಿನಲ್ಲಿ ಕೊಡಲಿಯ ಮುಂದೆಯೇ ಹೇಳದವರು ನನ್ನ ನೌಕರಿ ಉಳಿಸಲು ಹೇಳುತ್ತಾರೆಯೇ?

ಶನಿವಾರ ಜಗಲಿಯಲ್ಲಿ ಕಮಿಟಿಯ ಮೂವರಿಗೆ ಮೂರು ಕುರ್ಚಿ. ಹಿರಿಯರು ನೇರವಾಗಿ ಹೆಡ್‌ಮಾಸ್ತರರನ್ನೇ ಕೇಳಿದರು.

“ಈ ಮಾಸ್ತರು ಭೂಮಿಗಿ ಕೋಟಿ ಕೋಟಿ ವರ್ಷ ಅಂತ ಕಲಸ್ತಾರಂತ. ಖರೇನು?”

“ಖರೆ.”

“ನೀವು ಅದನ್ನ ನಂಬ್ತೀರೇನು?”

“ನಂಬಂಗಿಲ್ಲ. ನನ್ನ ಲೆಕ್ಕ ನಿಮಗ ಗೊತ್ತದ.”

“ಹಂಗಾದ್ರ ಸೋಮವಾರದಿಂದ ನಿಮ್ಮ ಲೆಕ್ಕನೇ ಇವರೂ ಹೇಳ್ಲಿ. ಹುಕುಮ್ ಮಾಡ್ರಿ.”

ಹೆಡ್‌ಮಾಸ್ತರರು ಕಾಲರಿನೊಳಗೆ ಬೆರಳು ತೂರಿಸಿ ಸುತ್ತ ಎಳೆದುಕೊಂಡರು. “ಮಾಡಬಹುದ್ರಿ. ಆದ್ರ ನನ್ನ ಮಾತು ನನ್ನ ಬಾಯಾಗ ಖರೆ. ಇವರು ನಂಬಲಾರದ ಹೇಳಿದ್ರ, ಅದೇ ಮಾತು ಇವರ ಬಾಯಾಗ ಸುಳ್ಳಾಗ್ತದ. ದೇವರ ಮಾತು ಸುಳ್ಳಾಗಿ ಹೇಳಸೋ ಪಾಪ ನಾ ಮಾಡಂಗಿಲ್ಲ. ಸುಳ್ಳ ಹೇಳೋ ಮಾಸ್ತರ ನನ್ನ ಸಾಲಿಗಿ ಬ್ಯಾಡ.”

ಹಿರಿಯರು ನನ್ನ ಕಡೆ ತಿರುಗಿದರು. “ನೀವಾಗೇ ಆ ಪಾಠ ಬಿಟ್ರ?”

“ಬಿಡಂಗಿಲ್ರಿ” ಅಂದೆ. ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ.

“ಮಕ್ಕಳ ನಂಬಿಕಿ ಹಾಳಾದ್ರ ಯಾರು ಜವಾಬ್ದಾರ?”

“ನಾನು” ಎಂದರು ಹೆಡ್‌ಮಾಸ್ತರರು. “ಇವರ ಒಂದು ತಾಸಿಗಿ ಹೆದರಿ ನನ್ನ ಪಾಠ ಓಡಿ ಹೋಗೋದಿದ್ರ, ಅದು ನನ್ನ ಪಾಠದ ಕಮ್ಮಿ. ನಾ ಇನ್ನೂ ಛಲೋ ಕಲಸ್ತೀನಿ.”

ಚಹಾ ಬಂತು. ಹಿರಿಯರು ಬಸಿಯಲ್ಲಿ ಹಾಕಿಕೊಂಡು ಊದಿ ಊದಿ ಕುಡಿದರು. ಆಮೇಲೆ ಉಳಿದಿಬ್ಬರನ್ನು ನೋಡಿ, “ಇವರಿಬ್ಬರ ಜಗಳ ಇವರೇ ಹರೀಲಿ. ನಮಗ್ಯಾಕ” ಎಂದು ಎದ್ದರು. ಅಷ್ಟೇ. ಅವರ ಟಾಂಗಾ ಗೇಟು ದಾಟಿದ ಮೇಲೆ ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಹೆಡ್‌ಮಾಸ್ತರರು, “ಮನಿಗಿ ಹೋಗ್ರಿ, ನಿಮ್ಮ ಮನಿಯವರು ದಾರಿ ನೋಡ್ಲತ್ತಿರಬೇಕು” ಎಂದರು. ಬಜಾರಿನಲ್ಲಿ ಹೆಚ್ಚುಕಡಿಮೆ ಓಡಿದೆ. ಬಾಗಿಲಲ್ಲಿ ನಿಂತಿದ್ದವಳು ನನ್ನ ಮುಖ ನೋಡಿಯೇ ಒಳಗೆ ಹೋಗಿ ಶಾವಿಗೆ ಬೇಯಿಸಲಿಟ್ಟಳು.

ಹೈದರಾಬಾದ್ ರಾಜ್ಯ ಒಡೆದು ಬೀದರ ಮೈಸೂರಿಗೆ ಸೇರಿದ ಮೇಲೆ ನಾನು ಸರಕಾರಿ ಶಾಲೆಗೆ ಹೋದೆ, ಭಾಲ್ಕಿಗೆ. ಅವರು ನಿವೃತ್ತರಾದರು. ರಜೆಯಲ್ಲಿ ಹೋಗಿ ನೋಡಿ ಬರುತ್ತಿದ್ದೆ, ಜಗಳವಾಡಿ ಬರುತ್ತಿದ್ದೆ. ಒಂದು ಚಳಿಗಾಲ ಅವರ ಮಗಳಿಂದ ಹೇಳಿಕೆ ಬಂತು: ಅಪ್ಪ ಹಾಸಿಗೆ ಹಿಡಿದಿದ್ದಾರೆ, ನಿಮ್ಮನ್ನು ಏನೋ ಕೇಳಬೇಕಂತೆ.

ದಾರಿಯುದ್ದಕ್ಕೂ ನನಗೆ ಸಂಕಟ. ಸಾಯುವ ಮುಂಚೆ ತಮ್ಮ ನಂಬಿಕೆಗೆ ಬಾ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಕೇಳಿದರೆ ಏನೆನ್ನಲಿ? ಹೂಂ ಎಂದರೆ ಸುಳ್ಳು, ಒಲ್ಲೆ ಎಂದರೆ ಸಾಯುವವರ ಮನಸ್ಸು ಮುರಿದಂತೆ. ಹಾಸಿಗೆಯ ಬದಿಗೆ ಕೂತೆ. ಮೊದಲ ಸಲ ಅವರನ್ನು ಶೇರ್ವಾನಿಯಿಲ್ಲದೆ ನೋಡಿದೆ. ಅಂಗಿಯೊಳಗೆ ಮನುಷ್ಯ ಇಷ್ಟು ಸಣ್ಣವರೇ ಎನಿಸಿತು.

“ಮಾಸ್ತರ್ರ, ಪೇಪರ್‌ನ್ಯಾಗ ಓದಿದೆ. ಭೂಮಿಗಿ ಈಗ ನಾನೂರೈವತ್ತು ಕೋಟಿ ಅಂತಾರಲ್ಲ, ಹೌದೇನು?”

“ಹೌದ್ರಿ ಸಾಹೇಬ್ರ. ಹೊಸ ಲೆಕ್ಕ.”

“ಪೊಲೀಸ್ ಆ್ಯಕ್ಷನ್ನಿನ್ಯಾಗ ಇನ್ನೂರು ಕೋಟಿ ಅಂದಿದ್ರಿ.” ಅವರ ತುಟಿ ಅಂಚು ಅಲುಗಿತು. “ಅಂದ್ರ ಹತ್ತು ವರ್ಷದಾಗ ನಿಮ್ಮ ಭೂಮಿಗಿ ಇನ್ನೂರೈವತ್ತು ಕೋಟಿ ವರ್ಷ ವಯಸ್ಸಾಯ್ತು! ನನ್ನ ಭೂಮಿಗಿ ಹತ್ತೇ ಆಗ್ಯಾವ ನೋಡ್ರಿ.”

ಕೇಳಬೇಕೆಂದಿದ್ದು ಅದೇ. ನಗುತ್ತ ನಗುತ್ತ ಕೆಮ್ಮು ಬಂತು, ಮಗಳು ಓಡಿಬಂದು ಬೆನ್ನು ನೀವಿದಳು, ನಾನೂ ನಗುತ್ತಲೇ ಕಣ್ಣೊರೆಸಿಕೊಂಡೆ. ಬೇರೆ ಏನನ್ನೂ ಅವರು ಕೇಳಲಿಲ್ಲ. ನಾಲ್ಕಾರು ದಿನಗಳ ಮೇಲೆ ತೀರಿಕೊಂಡರು.

ಆಮೇಲೆ ನನಗೆ ಬೇಕಾದವರು ಬಹಳ ಜನ ಹೋದರು. ಅಪ್ಪ ಹೋದಾಗ, ನನ್ನ ಗುರುಗಳು ಹೋದಾಗ, ಅವರ ಮನಸ್ಸು ನೋಯಬಾರದೆಂದು ಮುಚ್ಚಿಟ್ಟ ಎಷ್ಟೋ ಮಾತು ನನ್ನಲ್ಲೇ ಉಳಿದು ಇಂದಿಗೂ ಭಾರವಾಗಿವೆ. ಮಿಷನ್ ಶಾಲೆಯ ಹಿಂದಿನ ಸ್ಮಶಾನದಲ್ಲಿ ಹೆಡ್‌ಮಾಸ್ತರರ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಸ್ ನಿಲ್ದಾಣಕ್ಕೆ ನಡೆಯುವಾಗ ದುಃಖವಿತ್ತು, ಆದರೆ ಎದೆ ಹಗುರವಾಗಿತ್ತು. ಅವರಿಗೆ ಹೇಳದೆ ಉಳಿಸಿಕೊಂಡದ್ದು ನನ್ನಲ್ಲಿ ಒಂದೂ ಇರಲಿಲ್ಲ.