ಕಾಣದ ಗ್ರಹಣ

‘ಗೊತ್ತಿಲ್ಲ’ ಎಂಬ ಪದವನ್ನು ನಾನು ಸುಲಭವಾಗಿ ಉಚ್ಚರಿಸಲಾರೆ. ಮನೆತನದಲ್ಲಿ ಮೊದಲು ಪದವಿ ಪಡೆದವನಿಗೆ ಆ ಸ್ವಾತಂತ್ರ್ಯವಿಲ್ಲ. ಔಷಧದ ಚೀಟಿಯಿಂದ ಆಕಾಶದವರೆಗೆ ಎಲ್ಲಕ್ಕೂ ನಾನೇ ಉತ್ತರ ಹೇಳಬೇಕು.

ಗ್ರಹಣಗಳ ಇತಿಹಾಸವನ್ನು ಓದುವುದು ಈಗ ನನ್ನ ಚಟವಾಗಿದೆ. ಹಳೆಯ ಜಪಾನಿನಲ್ಲಿ ಸೂರ್ಯಗ್ರಹಣದ ದಿನ ಅರಮನೆಗೆ ಚಾಪೆ ಸುತ್ತಿ, ದೊರೆಯ ಮೇಲೆ ಕೆಟ್ಟ ಬೆಳಕು ಬೀಳದಂತೆ ಕಾಯುತ್ತಿದ್ದರಂತೆ. ಚೀನಾದಿಂದ ತಂದ ಒಂದೇ ಪಂಚಾಂಗವನ್ನು ಶತಮಾನಗಟ್ಟಲೆ ಬಳಸಿದ್ದರಿಂದ, ಅಲ್ಲಿನ ಜೋಯಿಸರು ಸಾರಿದ ಎಷ್ಟೋ ಗ್ರಹಣಗಳು ಕಾಣಿಸಿಕೊಳ್ಳಲೇ ಇಲ್ಲ. ಹೇಳದ ಗ್ರಹಣ ಬಂದರೆ ಜೋಯಿಸನ ತಪ್ಪು. ಹೇಳಿದ್ದು ಬಾರದಿದ್ದರೆ ದೊರೆಯ ಪುಣ್ಯ. ಆದ್ದರಿಂದ ಅನುಮಾನವಿದ್ದಲ್ಲೆಲ್ಲ ‘ಇದೆ’ ಎಂದುಬಿಡುವುದೇ ಕ್ಷೇಮ. ಈ ಜಾಣತನವನ್ನು ನಾನು ಓದಿ ಕಲಿಯಬೇಕಾಗಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ತಂಗಿ ನೀಲಮ್ಮ ಚೊಚ್ಚಲ ಹೆರಿಗೆಗೆಂದು ಜವಳಗೇರಾದ ನಮ್ಮ ಮನೆಗೆ ಬಂದಿದ್ದಳು.

“ನಾಳಿನ ಗ್ರಹಣ ನಮ್ಮೂರಾಗ ಹಿಡಿತೈತೇನಪಾ?” ಎಂದು ಅವ್ವ ಕೇಳಿದಳು. ಮೊಬೈಲಿನಲ್ಲಿ ಸಮಯವಿತ್ತು; ಎಲ್ಲಿ ಕಾಣುವುದೆಂಬುದನ್ನು ನಾನು ನೋಡಿರಲಿಲ್ಲ.

“ಹೂಂ, ಮುಂಜಾನಿ ಏಳರಿಂದ ಹನ್ನೆರಡೂವರಿ ತನ.”

ಕಿಟಕಿಗೆ ಚಾಪೆ ಕಟ್ಟಿ ಬಸುರಿಯನ್ನು ಒಳಕೋಣೆಯಲ್ಲಿ ಕೂರಿಸಿದರು. ಹಿಂದಿನ ರಾತ್ರಿಯ ಊಟವೇ ಕೊನೆ. ಹನಿ ನೀರೂ ಇಲ್ಲ. ಅಷ್ಟರಲ್ಲಿ ಕರೆಂಟೂ ಹೋಯಿತು.

“ಅಣ್ಣಾ, ನಿನ್ನ ಡಿಗ್ರಿ ಸಲುವಾಗಿ ಒಣಗಾಕತ್ತೀನಿ ನೋಡಪಾ. ಒಂದು ಗುಟುಕು ನೀರರ ಕೊಡಸು” ಎಂದು ಅವಳು ಒಳಗಿನಿಂದ ನಕ್ಕಳು.

ಹತ್ತು ಗಂಟೆಗೆ ಅಂಗಳಕ್ಕಿಳಿದೆ. ಗ್ರಹಣ ಹಿಡಿದಿದ್ದರೆ ಬೇವಿನ ನೆರಳಿನೊಳಗಿನ ಬೆಳಕಿನ ಚುಕ್ಕೆಗಳು ಕುಡುಗೋಲಿನಂತೆ ಬಾಗಬೇಕಿತ್ತು. ಎಲ್ಲವೂ ದುಂಡಗಿದ್ದವು. ತಪ್ಪೊಪ್ಪಿಕೊಳ್ಳಲು ಸರಿಯಾದ ವಾಕ್ಯವನ್ನು ಹುಡುಕುತ್ತ ನಿಂತೆ, ಸಿಗಲಿಲ್ಲ. “ಇನ್ನ ಎರಡೂವರಿ ತಾಸು, ತಡಿಯವ್ವಾ” ಎಂದು ಒಳಕೋಣೆಯ ಕಡೆಗೆ ಕೂಗಿದೆ.

ಹನ್ನೆರಡೂವರೆಗೆ ಬಾಗಿಲು ತೆರೆದಾಗ ಅವಳು ಗೋಡೆಗೊರಗಿ ಎಚ್ಚರ ತಪ್ಪಿದ್ದಳು. ಸಿಂಧನೂರಿನ ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ್ದು ಒಂದೇ: “ನೀರು ಯಾವಾಗ ಕುಡದಾಳ?” ಸಂಜೆಗೆ ಕೂಸು ಉಸಿರಿಲ್ಲದೆ ಹುಟ್ಟಿತು.

“ನೀ ಹೇಳಿದ್ದು ಖರೇನ ಆತಪಾ. ಗ್ರಹಣ ಬಡದು ಬಿಡ್ತು” ಎಂದು ಅವ್ವ ನನ್ನ ಭುಜ ಹಿಡಿದು ಅತ್ತಳು. ಯಾವ ಆಸ್ಥಾನದ ಜೋಯಿಸನಿಗೂ ಇಂಥ ಮನ್ನಣೆ ದೊರೆತಿರಲಾರದು. ನಾನು ಅವಳನ್ನು ತಿದ್ದಲಿಲ್ಲ.

ಮೊನ್ನೆ ಜವಳಗೇರಾದಿಂದ ನೀಲಮ್ಮ ಫೋನು ಮಾಡಿದಳು. ಈಗ ಮತ್ತೆ ಬಸುರಿ. “ಅಣ್ಣಾ, ನಾಳಿನ ಗ್ರಹಣ ಎಷ್ಟೊತ್ತಿಗೈತಿ? ಅವ್ವ ಆಗಲೇ ಚಾಪಿ ತಗದಿಟ್ಟಾಳ.”

“ನಮ್ಮೂರಾಗ ಕಾಣೂದಿಲ್ಲವ್ವಾ. ಅವತ್ತೂ ಕಂಡಿರಲಿಲ್ಲ.”

ಆ ಕಡೆಯಿಂದ ನೀರಿನ ಕೊಡಕ್ಕೆ ಚೆಂಬು ತಾಗಿದ ಸದ್ದು ಕೇಳಿಸಿತು.